ಎಫ್1 ಮೆಸೇಜ್ ಬಂದ್ ಮಾಡಬೇಡಿ, ಮೊದಲು ಸೆಲ್ ಬದಲಿಸಿ

ಸರ್ವರ್ ಆನ್ ಮಾಡಿದಾಗಲೆಲ್ಲ ‘ಡೇಟ್ ಅಂಡ್ ಟೈಮ್ ನಾಟ್ ಸೆಟ್’ ಅಂತ ತೋರಿಸಿ, ಎಫ್1 ಒತ್ತುವ ತನಕ ಮುಂದೆ ಹೋಗಲ್ಲ, ಇದನ್ನು ನಿಲ್ಲಿಸೋದು ಹೇಗೆ ಅಂತ ಕೇಳಿದ್ದೀರಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡ್‌ನ ಪ್ರೋಗ್ರಾಂನಲ್ಲಿ, ‘ವೇಟ್ ಫಾರ್ ಎಫ್1 ಇಫ್ ಎರರ್’ ಅಂತ ಇರುತ್ತದೆ. ಡಿಸೇಬಲ್ ಮಾಡಿದರೆ ನಿಲ್ಲುತ್ತದೆ. ಆದರೆ ದಯವಿಟ್ಟು ಮಾಡಬೇಡಿ. ಗಡಿಯಾರ ನಡೆಸುವ ಬೋರ್ಡ್ ಮೇಲಿನ ಸಣ್ಣ ಸೆಲ್ ಸತ್ತಿದೆ ಅಂತ ಹೇಳುವ ಎಚ್ಚರಿಕೆ ಅದು.

ಕಲಬುರಗಿಯ ನೆಹರು ಗಂಜ್‌ನ ಒಂದು ಅಡತ್ ಅಂಗಡಿಯ ಸರ್ವರ್ ನಾನು ನೋಡಿಕೊಳ್ಳುತ್ತಿದ್ದೆ. ಶಾರ್ಟ್ ಸರ್ಕ್ಯೂಟ್ ಆದೀತು ಅಂತ ಸಾವುಕಾರರು ರಾತ್ರಿ ಮೇನ್ ಸ್ವಿಚ್ಚೇ ಇಳಿಸಿ ಹೋಗುತ್ತಿದ್ದರು. ಬೆಳಿಗ್ಗೆ ಇದೇ ಮೆಸೇಜ್. ಎಫ್1 ಒತ್ತಿಸಲು ದಿನಾ ನನಗೆ ಫೋನ್. ಸಾಕಾಗಿ ಆ ಸೆಟ್ಟಿಂಗ್ ಆಫ್ ಮಾಡಿದೆ. ಫೋನ್ ನಿಂತಿತು.

ತೊಗರಿ ಸೀಸನ್‌ನಲ್ಲಿ ಒಂದು ದಿನ ಮುನೀಮರು ಬಿಲ್ ತಂದು ಟೇಬಲ್ ಮೇಲಿಟ್ಟರು. ತಾರೀಖಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. 2015ರ ಜನವರಿ 1! ಬೆಳಗಿನಿಂದ ತೂಗಿದ ಮಾಲೆಲ್ಲ ಆ ತಾರೀಖಿಗೇ ಜಮಾ ಆಗಿತ್ತು. ದುಡ್ಡಿಗೆ ಬಂದ ರೈತರ ಹೆಸರು ಅವತ್ತಿನ ಲಿಸ್ಟ್‌ನಲ್ಲಿ ಇಲ್ಲ. ತೂಕದ ಚೀಟಿ ಹಿಡಿದು ಒಂದೊಂದೇ ಬಿಲ್ ಮತ್ತೆ ಹೊಡೆಯಬೇಕಾಯಿತು. ಅಲ್ಲಿಯವರೆಗೆ ಅವರೆಲ್ಲ ಅಂಗಡಿ ಮುಂದೆ ಕಾದು ಕೂತಿದ್ದರು. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೇ.

ನಾನು ಎಡವಿದ್ದು ಎಲ್ಲಿ ಅಂದರೆ, ನೆಟ್ ಇದೆಯಲ್ಲ, ವಿಂಡೋಸ್ ಟೈಮ್ ಅನ್ನು ತಾನೇ ಸರಿ ಮಾಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ಮಾಡಿಕೊಳ್ಳಲ್ಲ. ಡೊಮೇನ್‌ಗೆ (ಒಂದು ಕೇಂದ್ರ ಸರ್ವರ್‌ನ ಹತೋಟಿಯಲ್ಲಿರುವ ನೆಟ್‌ವರ್ಕ್‌ಗೆ) ಸೇರದ ಮಷಿನ್‌ನಲ್ಲಿ ವ್ಯತ್ಯಾಸ 54,000 ಸೆಕೆಂಡ್, ಅಂದರೆ 15 ಗಂಟೆ ದಾಟಿದರೆ ವಿಂಡೋಸ್ ಟೈಮ್ ಸರ್ವಿಸ್ ಗಡಿಯಾರವನ್ನು ಮುಟ್ಟುವುದೇ ಇಲ್ಲ. ಡೀಫಾಲ್ಟ್ ಇರುವುದೇ ಹಾಗೆ. ನಮ್ಮದು ವರ್ಷಗಟ್ಟಲೆ ಹಿಂದೆ ಹೋಗಿತ್ತು. ಇನ್ನೊಂದು, ಹೊಸ ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಸಾಮಾನ್ಯವಾಗಿ ಫ್ಲ್ಯಾಶ್ ಚಿಪ್‌ನಲ್ಲಿ ಉಳಿಯುತ್ತದೆ, ಸೆಲ್ ಬೇಕಿರುವುದು ಗಡಿಯಾರಕ್ಕೆ. ಹಾಗಾಗಿ ಸೆಲ್ ಸತ್ತರೂ ನಾನು ಆಫ್ ಮಾಡಿದ್ದು ಆಫ್ ಆಗೇ ಉಳಿಯಿತು, ತಾರೀಖು ಮಾತ್ರ ಹೋಯಿತು. ಹೇಳುವವರು ಯಾರೂ ಇರಲಿಲ್ಲ. ಇದ್ದ ಒಂದು ಎಚ್ಚರಿಕೆಯ ಬಾಯಿ ನಾನೇ ಮುಚ್ಚಿಸಿದ್ದೆ.

ಕಾರಣ ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್, ಸಿಆರ್2032, 3 ವೋಲ್ಟ್. ಪ್ಲಗ್‌ನಲ್ಲಿ ಕರೆಂಟ್ ಇರುವಾಗ ಗಡಿಯಾರ ಅದರಲ್ಲೇ ನಡೆಯುತ್ತದೆ, ಸೆಲ್ ಸುಮ್ನೆ ಇರುತ್ತದೆ. ಮೇನ್ ಇಳಿಸಿದರೆ ರಾತ್ರಿಯಿಡೀ ಅದೇ ದುಡಿಯಬೇಕು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸೆಕೆಗೂ ಅದು ಬೇಗ ಸವೆಯುತ್ತದೆ.

ಮೊದಲು ಬಯೋಸ್ ಪರದೆಗಳ ಫೋಟೋ ತೆಗೆದುಕೊಳ್ಳಿ. ರೇಡ್ (ಹಲವು ಡಿಸ್ಕ್ ಒಟ್ಟಿಗೆ ಜೋಡಿಸಿದ ವ್ಯವಸ್ಥೆ) ಇದ್ದರೆ, ಡಿಸ್ಕ್‌ಗಳನ್ನು ಹೇಗೆ ನಡೆಸಬೇಕು ಅನ್ನುವ ಸಾಟಾ ಮೋಡ್ ಸೆಟ್ಟಿಂಗ್ ಇರುವ ಪರದೆ ಮರೆಯಬೇಡಿ, ಅದು ಬದಲಾದರೆ ಸರ್ವರ್ ಬೂಟ್ ಆಗದೇ ಹೋಗಬಹುದು. ಪವರ್ ತೆಗೆದು ಹೊಸ ಸೆಲ್ ಹಾಕಿ, ತಾರೀಖು ಸರಿ ಮಾಡಿ ಸೇವ್ ಮಾಡಿ. ಮೆಸೇಜ್ ತಾನೇ ಹೋಗುತ್ತದೆ. ಮಾನಿಟರ್, ಕೀಬೋರ್ಡ್ ಇಲ್ಲದೆ ಇಟ್ಟ ಸರ್ವರ್ ‘ಕೀಬೋರ್ಡ್ ನಾಟ್ ಫೌಂಡ್’ ಅಂತ ನಿಂತರೆ ಮಾತ್ರ ಬೇರೆ ವಿಷಯ. ಆಗ ಆಫ್ ಮಾಡಬಹುದು, ಆದರೆ ತಾರೀಖಿನ ಎಚ್ಚರಿಕೆಗೂ ಸರ್ವರ್ ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ.