ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ತಿರುವ ತಮ್ಮನಿಗೆ ಕೆಲಸ ಕೊಡಿಸಲು ಆಸ್ಪತ್ರೆ ನೆರವಾಗುತ್ತಾ?

ನೀವು ಬನಹಟ್ಟಿ ಹತ್ತಿರದ ಹಳ್ಳಿಯವರು, ತಮ್ಮನಿಗೆ ಸ್ಕಿಜೋಫ್ರೇನಿಯಾ ಅಂತ ಬರೆದಿದ್ದೀರಿ. ನೆರವು ಸಿಗುತ್ತೆ, ಆದರೆ ತಾನಾಗಿಯೇ ಅಲ್ಲ. ಆಸ್ಪತ್ರೆಗೂ ಉದ್ಯೋಗ ಕಚೇರಿಗೂ ನಡುವಿನ ಓಡಾಟ ಸದ್ಯಕ್ಕೆ ನಿಮ್ಮದೇ.

ಅಮೆರಿಕದಲ್ಲಿ ಬೆಳೆದ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಎಂಬ ಪದ್ಧತಿಯಲ್ಲಿ ಕೆಲಸ ಹುಡುಕಿಕೊಡುವವರು ಮಾನಸಿಕ ಆರೋಗ್ಯ ತಂಡದ ಜೊತೆಗೇ ಕೂರುತ್ತಾರೆ. ಸುಮ್ನೆ ವರ್ಷಗಟ್ಟಲೆ ತರಬೇತಿ ಇಲ್ಲ. ಮೊದಲು ಕೆಲಸ, ಕಲಿಯೋದು ಅಲ್ಲೇ. ಇದರ ಲಾಭ ಸಣ್ಣ ವಿಷಯದಲ್ಲಿ ಕಾಣುತ್ತೆ. ಮಾತ್ರೆಯ ಮಂಪರಿನಲ್ಲಿ ಬೆಳಿಗ್ಗೆ ಪವರ್‌ಲೂಮ್ ಮುಂದೆ ನಿಂತರೆ ನೂಲು ಹರಿದದ್ದೂ ಕಾಣಲ್ಲ, ಕೈಗೆ ಪೆಟ್ಟಾಗಬಹುದು. ಮಾಲೀಕರು ‘ಸೋಮಾರಿ’ ಅಂತಾರೆ, ಅಲ್ವಾ? ವೈದ್ಯರಿಗೆ ಪಾಳಿಯ ಹೊತ್ತು ಗೊತ್ತಿದ್ದರೆ ಮಾತ್ರೆಯನ್ನು ರಾತ್ರಿಗೆ ಬದಲಿಸಬಹುದಾ ಅಂತ ನೋಡ್ತಾರೆ. (ನೀವೇ ಬದಲಿಸಬೇಡಿ ಮತ್ತೆ!)

ಇಲ್ಲಿ ಆ ಕೊಂಡಿ ನೀವೇ ಆಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆಗಳಿಗೆ ಅಂತಲೇ ಮನೋಚೈತನ್ಯ ಕ್ಲಿನಿಕ್ ಇರುತ್ತೆ. ಅಲ್ಲಿ ಕಾಯಿಲೆಯ ಜೊತೆ ಕೆಲಸದ ಮಾತೂ ಎತ್ತಿ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಬಂದರೆ ಸರ್ಕಾರಿ ಕೆಲಸದ ಮೀಸಲಾತಿಗೂ ಅರ್ಜಿ ಹಾಕಬಹುದು. ಬಾಗಲಕೋಟೆಯ ಉದ್ಯೋಗ ವಿನಿಮಯ ಕಚೇರಿಗೆ ಹೋಗುವಾಗ ಆ ಕಾರ್ಡ್ ಜೊತೆಗಿರಲಿ. ಯಾವ ಕೆಲಸ ಆಗುತ್ತೆ, ಯಾವುದು ಆಗಲ್ಲ ಅಂತ ವೈದ್ಯರಿಂದ ಒಂದು ಚೀಟಿಯನ್ನೂ ಬರೆಸಿಕೊಳ್ಳಿ.