ಮೂರು ಪೆಟ್ಟಿಗೆ ಕಡಿಮೆ, ದೂರು ಮಾತ್ರ ಮನೋಭಾವದ ಮೇಲೆ

ಪ್ರಶ್ನೆ: ನೆಲಮಂಗಲದ ಬಳಿಯ ಔಷಧ ಗೋದಾಮಿನಲ್ಲಿ ನಾನು ಶಿಫ್ಟ್ ಮೇಲ್ವಿಚಾರಕ. ಕಂಪ್ಯೂಟರ್ 40 ಪೆಟ್ಟಿಗೆ ಎಂದರೆ ರ‍್ಯಾಕ್‌ನಲ್ಲಿ 37 ಇರುತ್ತವೆ. ಯಾರನ್ನು ಕೇಳಿದರೂ ‘ಗೊತ್ತಿಲ್ಲ ಸರ್’. ಹುಡುಗರ ಮನೋಭಾವವೇ ಸರಿಯಿಲ್ಲವೆಂದು ಮ್ಯಾನೇಜರ್ ಭಾಷಣಕಾರರೊಬ್ಬರನ್ನು ಕರೆಸುತ್ತಿದ್ದಾರೆ. ಪ್ರಯೋಜನವಾದೀತೇ?
– ಹೆಸರು ಬೇಡ, ನೆಲಮಂಗಲ

ಉತ್ತರ: ಭಾಷಣದ ದಿನ ಊಟ ಚೆನ್ನಾಗಿರುತ್ತದೆ, ಅಷ್ಟು ಪ್ರಯೋಜನ ಖಂಡಿತ. ಮೂರು ಪೆಟ್ಟಿಗೆ ಮಾತ್ರ ಸಿಗುವುದಿಲ್ಲ.

ಹಿಂದಿನ ಸಲ ‘ಸರ್, ಮಾಲು ಕಡಿಮೆ ಇದೆ’ ಎಂದು ತಾನಾಗಿ ಬಂದು ಹೇಳಿದವನಿಗೆ ಏನಾಯಿತು ಎಂದು ನೆನಪಿಸಿಕೊಳ್ಳಿ. ಸ್ಟೋರ್ಸ್‌ನಲ್ಲೇ ತಲೆ ನರೆತವನು ನಾನು, ಊಹಿಸಬಲ್ಲೆ. ಲಾರಿ ಡಾಕ್‌ನಲ್ಲಿ ನಿಂತಿದೆ, ಚಾಲಕ ಹಾರ್ನ್ ಒತ್ತುತ್ತಿದ್ದಾನೆ. ಹೇಳಲು ಬಂದವನಿಗೆ ಎಲ್ಲರೆದುರು ಬೈಗುಳ, ಜೊತೆಗೆ ಬೋರ್ಡಿನ ಮೇಲೆ ಅವನ ಗಂಟೆಯ ಲೆಕ್ಕವೂ (ಗಂಟೆಗೆ ಎಷ್ಟು ಮಾಲು ತೆಗೆದ ಎಂಬುದು) ಇಳಿದಿದೆ. ಮುಂದಿನ ವಾರ ಪಟ್ಟಿಯಲ್ಲಿರುವ ಬ್ಯಾಚ್ ಕಾಣದಿದ್ದರೆ ಅವನು ನಿಮ್ಮ ಬಳಿ ಬರುವುದಿಲ್ಲ. ಪಕ್ಕದ ಬ್ಯಾಚ್‌ನ ಪೆಟ್ಟಿಗೆ ಎತ್ತಿ, ಸ್ಕ್ಯಾನ್ ಮಾಡದೆ ಬ್ಯಾಚ್ ಸಂಖ್ಯೆಯನ್ನು ಕೈಯಿಂದ ಒತ್ತಿ ಕಳಿಸುತ್ತಾನೆ. ಅಂದಿನ ಗುರಿ ಮುಟ್ಟಿತು, ನೀವೂ ಶಹಭಾಸ್ ಎಂದಿರಿ. ನಾಳೆ ಆ ಬ್ಯಾಚನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಗಿ ಬಂದರೆ ಕಂಪ್ಯೂಟರ್ ಹುಬ್ಬಳ್ಳಿಯತ್ತ ಕೈ ತೋರಿಸುತ್ತದೆ, ಮಾತ್ರೆಗಳು ಮೈಸೂರಿನ ಅಂಗಡಿಯಲ್ಲಿರುತ್ತವೆ. ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂಬ ಪಾಠವನ್ನು ಅವನು ಮನೆಯಿಂದ ಕಲಿತು ಬಂದವನಲ್ಲ.

ಅಮೆರಿಕದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೂ ಕಳಪೆ ಕಾರುಗಳಿಗೂ ಕುಖ್ಯಾತವಾಗಿ 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ಅದನ್ನೇ ಮತ್ತೆ ತೆರೆದಾಗ ಒಳಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಸಂಘವೂ ಹಳೆಯದೇ. ದೋಷ ಕಂಡರೆ ಯಾರು ಬೇಕಾದರೂ ನೆರವು ಕರೆಯುವ, ಬೇಕಾದರೆ ಕೆಲಸದ ಸಾಲನ್ನೇ ನಿಲ್ಲಿಸುವ ಹಗ್ಗ ಎಳೆಯಬಹುದಿತ್ತು. ತಂಡದ ನಾಯಕ ಬೈಯಲು ಅಲ್ಲ, ನೆರವಿಗೆ ಓಡಿ ಬರುತ್ತಿದ್ದ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಕಾರ್ಖಾನೆಗಳ ಹತ್ತಿರಕ್ಕೆ ಬಂದವು. ಅವರಿಗೆ ಯಾರ ಭಾಷಣ ಮಾಡಿಸಿದ್ದರೋ ಎಂದು ನಿಮ್ಮ ಮ್ಯಾನೇಜರನ್ನು ಕೇಳಿ ನೋಡಿ!

ನೀವು ಮಾಡಬಹುದಾದದ್ದು: ಕೊರತೆ ಕಂಡು ಹೇಳಿದವನ ಆ ಸಮಯವನ್ನು ಗಂಟೆಯ ಲೆಕ್ಕದಿಂದ ಬಿಟ್ಟುಬಿಡಿ. ಮಾಲು ಇಡುವ ಆ ಖಾನೆಗೆ ಕೆಂಪು ಚೀಟಿ ಕಟ್ಟಿ, ಅದೇ ಶಿಫ್ಟ್‌ನಲ್ಲಿ ಇಬ್ಬರಿಂದ ಎಣಿಸಿ. ಬ್ಯಾಚ್ ಸಂಖ್ಯೆಯನ್ನು ಕೈಯಿಂದ ಒತ್ತುವ ಅವಕಾಶ ನಿಮ್ಮ ಪಾಸ್‌ವರ್ಡ್‌ಗೆ ಮಾತ್ರ ಇರಲಿ. ಬಳಿಕ ಸರಕು ಇಳಿಸಿಕೊಳ್ಳುವ ಕಡೆಗೆ ಹೋಗಿ ನಿಲ್ಲಿ, ಅದರಲ್ಲೂ ರಾತ್ರಿ. ಲಾರಿಯವನು ಅವಸರ ಮಾಡಿದನೆಂದು ಪೆಟ್ಟಿಗೆ ಎಣಿಸದೆ, ಇನ್‌ವಾಯ್ಸ್ ನೋಡಿಯೇ ಜಿಆರ್‌ಎನ್ (ಮಾಲು ಬಂದಿದೆ ಎಂಬ ಸ್ವೀಕೃತಿ ಚೀಟಿ) ಹಾಕಿದರೆ ಆ ಮೂರು ಪೆಟ್ಟಿಗೆ ನಿಮ್ಮ ಗೋದಾಮಿಗೆ ಬಂದೇ ಇರುವುದಿಲ್ಲ. ಬಾರದ ಮಾಲಿಗೆ ಹುಡುಗರು ಏನೆಂದು ಉತ್ತರ ಕೊಡಬೇಕು?

ಇನ್ನೊಂದು ಮಾತು. ಅವರು ಗುತ್ತಿಗೆಯವರಾಗಿದ್ದು ಸಂಬಳ ತಡವಾಗುತ್ತಿದ್ದರೆ ಮೊದಲು ಗುತ್ತಿಗೆದಾರನನ್ನು ವಿಚಾರಿಸಿ.

ದುಬಾರಿ ಮಾಲು ಮಾತ್ರ, ಅದೂ ಒಂದೇ ಶಿಫ್ಟ್‌ನಲ್ಲಿ ಮತ್ತೆ ಮತ್ತೆ ಕಾಣೆಯಾಗುತ್ತಿದ್ದರೆ ಕಳ್ಳತನವನ್ನೇ ಶಂಕಿಸಬೇಕು. ಆಗ ಭದ್ರತಾ ವಿಭಾಗದವರೊಂದಿಗೆ ಕುಳಿತು ಗೇಟ್‌ಪಾಸ್ ಪುಸ್ತಕ ಮತ್ತು ಕ್ಯಾಮೆರಾ ನೋಡಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಊಟದ ಡಬ್ಬಿ ಬಿಚ್ಚಿಸಬೇಡಿ.