ಐಸಿಡಿ ಜೊತೆ ಮನೆಗೆ ಕೊಟ್ಟ ಮಾನಿಟರ್ ಆನ್ ಇಟ್ಟರೆ ಅಪಾಯವಾ?

ಅಪ್ಪನಿಗೆ ಐಸಿಡಿ (ಹೃದಯದ ಬಡಿತ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸೋಕೆ ಎದೆಯೊಳಗೆ ಕೂರಿಸುವ ಚಿಕ್ಕ ಯಂತ್ರ) ಹಾಕಿದ್ದಾರೆ, ಅದರ ಮಾಹಿತಿಯನ್ನು ಡಾಕ್ಟರಿಗೆ ತಲುಪಿಸೋಕೆ ಮನೆಯಲ್ಲಿ ಇಡುವ ಒಂದು ಮಾನಿಟರ್ ಕೊಟ್ಟಿದ್ದಾರೆ, ರೇಡಿಯೇಷನ್ ಬರುತ್ತೆ, ಯಾರಾದರೂ ಹ್ಯಾಕ್ ಮಾಡ್ತಾರೆ ಅಂತ ಹೆದರಿ ನಿಮ್ಮಣ್ಣ ಅದರ ಪ್ಲಗ್ ಕಿತ್ತಿಟ್ಟಿದ್ದಾರೆ ಅಂತ ಬರೆದಿದ್ದೀರಿ. ನನ್ನ ಎದೆಯಲ್ಲೂ ಐಸಿಡಿ ಇದೆ, ಮಂಚದ ಪಕ್ಕದಲ್ಲಿ ಅಂಥದ್ದೇ ಮಾನಿಟರ್ ಇದೆ. ದಯವಿಟ್ಟು ಇವತ್ತು ರಾತ್ರಿ ಅಪ್ಪ ಮಲಗೋ ಮೊದಲೇ ಅದನ್ನು ಮತ್ತೆ ಆನ್ ಮಾಡಿ.

ಮೊದಲು ಹ್ಯಾಕಿಂಗ್ ವಿಷಯ. ನಿಮ್ಮಣ್ಣನ ಭಯ ಕಟ್ಟುಕತೆಯಲ್ಲ. 2017ರ ಜನವರಿಯಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಸೇಂಟ್ ಜೂಡ್ ಕಂಪನಿಯ ಮರ್ಲಿನ್ ಅಟ್ ಹೋಮ್ ಅನ್ನೋ ಮಾನಿಟರ್‌ನಲ್ಲಿ ಭದ್ರತೆಯ ಲೋಪ ಇದೆ ಅಂತ ಎಚ್ಚರಿಕೆ ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿಯ ಕೆಲವು ಐಸಿಡಿಗಳು ಮಾನಿಟರ್ ಜೊತೆ ಮಾತಾಡುವ ವಿಧಾನದ ಬಗ್ಗೆಯೂ ಅಂಥದ್ದೇ ಎಚ್ಚರಿಕೆ ಬಂತು. ಆದರೆ ಎರಡು ಸಲವೂ ಎಫ್‌ಡಿಎ ಜೊತೆಗೇ ಹೇಳಿದ ಮಾತು ಏನು ಗೊತ್ತಾ? ಇದರಿಂದ ಯಾವ ರೋಗಿಗೂ ತೊಂದರೆಯಾದ ವರದಿ ಇಲ್ಲ, ಮಾನಿಟರ್ ಬಳಸೋದನ್ನು ನಿಲ್ಲಿಸಬೇಡಿ ಅಂತ. 2017ರಲ್ಲಿ ಆ ಲೋಪವನ್ನು ಸರಿಪಡಿಸುವ ಸಾಫ್ಟ್‌ವೇರ್ ಬಂದದ್ದೂ ಅದೇ ಮಾನಿಟರ್‌ಗೆ, ತಾನಾಗೇ. ಪ್ಲಗ್‌ನಲ್ಲಿದ್ದು ನೆಟ್‌ವರ್ಕ್ ಸಿಗುತ್ತಿದ್ದ ಮಾನಿಟರ್‌ಗಳಿಗೆ ಮಾತ್ರ ಅದು ತಲುಪಿತು. ಹೆದರಿ ಕಿತ್ತಿಟ್ಟವರ ಮಾನಿಟರ್ ಹಳೇ ಲೋಪದ ಜೊತೆಗೇ ಉಳಿಯಿತು. ಇದನ್ನು ನಿಮ್ಮಣ್ಣನಿಗೆ ಖಂಡಿತ ಹೇಳಿ.

ರೇಡಿಯೇಷನ್ ಅಂದಾಗ ಜನರ ತಲೆಗೆ ಬರೋದು ಎಕ್ಸ್‌ರೇ. ಇದು ಅದಲ್ಲ, ಬರೀ ರೇಡಿಯೋ ತರಂಗ. ಐಸಿಡಿ ತನ್ನ ಚಿಕ್ಕ ಬ್ಯಾಟರಿಯಲ್ಲೇ ವರ್ಷಗಟ್ಟಲೆ ಬದುಕಬೇಕಾದ್ದರಿಂದ ಅದು ಕಳಿಸುವ ಸಿಗ್ನಲ್ ತೀರಾ ಸಣ್ಣದು. ಅದಕ್ಕೇ ಮಾನಿಟರ್ ಹತ್ತಿರ ಇರಬೇಕು. ಹೆಚ್ಚಿನ ಮಾನಿಟರ್‌ಗಳಿಗೆ ಮಂಚದಿಂದ ಎರಡು ಮೀಟರ್ ಒಳಗೆ ಅಂತ ಲೆಕ್ಕ. ನಿಮ್ಮದರ ಪುಸ್ತಕದಲ್ಲಿ ಏನಿದೆ ನೋಡಿಕೊಳ್ಳಿ. ಅಪ್ಪ ಮಲಗಿರುವಾಗ, ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲೆ, ಅದು ಐಸಿಡಿಯಿಂದ ಮಾಹಿತಿ ತೆಗೆದುಕೊಂಡು ಮೊಬೈಲ್ ನೆಟ್‌ವರ್ಕ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಬ್ಯಾಟರಿ ಎಷ್ಟಿದೆ, ಹೃದಯದ ಬಡಿತ ಎಲ್ಲಾದರೂ ತಪ್ಪಿತಾ, ಐಸಿಡಿಯಿಂದ ಹೃದಯಕ್ಕೆ ಹೋಗುವ ತಂತಿ ಸರಿ ಇದೆಯಾ, ಇಂಥವು. ಡಾಕ್ಟರ ತಂಡ ಅಲ್ಲಿಂದ ನೋಡುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಈ ಮಾನಿಟರ್‌ಗೆ ಹ್ಯಾಕರ್‌ಗಿಂತ ದೊಡ್ಡ ಶತ್ರು ಗೋಡೆಯ ಸ್ವಿಚ್. ರಾತ್ರಿ ಮಲಗೋ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡಿ ಮಲಗೋದು ನಮ್ಮ ಹಿರಿಯರಿಗೆ ಹುಟ್ಟು ಅಭ್ಯಾಸ. ಬೆಳಿಗ್ಗೆ ಕಸ ಗುಡಿಸೋಕೆ ಬಂದವರು ಮಾನಿಟರ್ ಪ್ಲಗ್ ತೆಗೆದು ಬೇರೆಯದನ್ನು ಹಾಕುತ್ತಾರೆ. ಮೊಮ್ಮಗ ಬಂದು ಫೋನ್ ಚಾರ್ಜ್‌ಗೆ ಇಡುತ್ತಾನೆ. ನಮ್ಮ ಮನೆಯಲ್ಲಿ ಆ ಸ್ವಿಚ್ ಮೇಲೆ ಬಿಳಿ ಟೇಪ್ ಅಡ್ಡ ಅಂಟಿಸಿ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಮುಟ್ಟಬೇಡಿ, ಹಾರ್ಟ್ ಮಾನಿಟರ್' ಅಂತ ಬರೆದಿದ್ದೇವೆ. ಅದರ ಜೊತೆ ಬಂದ ಅಡಾಪ್ಟರನ್ನೇ ಬಳಸಿ, ಹಳೇ ಮೊಬೈಲ್ ಚಾರ್ಜರ್ ಹಾಕಬೇಡಿ. ಒರೆಸುವಾಗ ಪ್ಲಗ್ ತೆಗೆದು, ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕರೆಂಟ್ ಹೋದರೆ ಗಾಬರಿ ಬೇಡ. ಅಪ್ಪನ ಎದೆಯೊಳಗಿನ ಐಸಿಡಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ, ಬೇಕಾದಾಗ ಶಾಕ್ ಕೊಡೋದೂ ಅದೇ. ಮಲೆನಾಡಿನ ಕಡೆ ನೆಟ್‌ವರ್ಕ್ ಸಿಗದ ಮನೆಗಳಲ್ಲಿ ಮಾನಿಟರನ್ನು ಕಿಟಕಿ ಪಕ್ಕಕ್ಕೆ ಸರಿಸಿ, ಮಂಚವನ್ನೂ ಅದರ ಹತ್ತಿರ ಎಳೆದುಕೊಂಡರೆ ಎಷ್ಟೋ ಸಲ ಸರಿಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಮಾನಿಟರ್ ಆಂಬುಲೆನ್ಸ್ ಕರೆಯೋದಿಲ್ಲ. ಅದು ಕಳಿಸಿದ ಮಾಹಿತಿಯನ್ನು ಯಾರೋ ಇಪ್ಪತ್ನಾಲ್ಕು ಗಂಟೆ ಕೂತು ನೋಡುತ್ತಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಆಸ್ಪತ್ರೆಯ ಕೆಲಸದ ವೇಳೆಯಲ್ಲಿ ಮಾತ್ರ ನೋಡುತ್ತಾರೆ. ಅಪ್ಪನಿಗೆ ಒಂದು ಶಾಕ್ ಬಂದು, ಆಮೇಲೆ ಆರಾಮವಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಮೇಲಿಂದ ಮೇಲೆ ಎರಡು ಶಾಕ್ ಬಂದರೆ, ಅಥವಾ ಒಂದೇ ಬಂದರೂ ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ ಇದ್ದರೆ, ಮಾನಿಟರ್ ಬಟನ್ ಒತ್ತಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ನೇರ 108ಕ್ಕೆ ಕರೆ ಮಾಡಿ. ಶಾಕ್ ಬರದಿದ್ದರೂ ಪ್ರಜ್ಞೆ ತಪ್ಪಿದರೆ ಇದೇ ಮಾತು. ಮಾನಿಟರ್‌ನಲ್ಲಿ ಹಸಿರು ದೀಪ ಇದೆ ಅಂದರೆ ಅದು ಮಾನಿಟರ್ ಬಗ್ಗೆ ಹೇಳುವ ಮಾತು ಅಷ್ಟೇ, ಹೃದಯ ಚೆನ್ನಾಗಿದೆ ಅಂತ ಅಲ್ಲ. ಇದನ್ನು ಮನೆಯ ಎಲ್ಲರಿಗೂ, ಪಕ್ಕದ ಮನೆಯವರಿಗೂ ಹೇಳಿಡಿ.

ಇನ್ನೊಂದು, ಸುಮ್ನೆ ಮನಸ್ಸಿನ ಸಮಾಧಾನಕ್ಕೆ ದಿನಾ ಬಟನ್ ಒತ್ತಿ ಮಾಹಿತಿ ಕಳಿಸಬೇಡಿ. ಹಾಗೆ ಕಳಿಸಿದಾಗಲೆಲ್ಲ ಖರ್ಚಾಗೋದು ಎದೆಯೊಳಗಿನ ಬ್ಯಾಟರಿ. ಆಸ್ಪತ್ರೆಯವರು ಕೇಳಿದಾಗ ಮಾತ್ರ ಸಾಕು.

ಮಾನಿಟರ್‌ಗಿಂತ ಜಾಸ್ತಿ ಗಮನ ಕೊಡಬೇಕಾದ್ದು ಅಯಸ್ಕಾಂತಕ್ಕೆ. ಐಸಿಡಿ ಹತ್ತಿರ ಅಯಸ್ಕಾಂತ ಬಂದರೆ ಅದು ಅಲ್ಲಿರುವಷ್ಟು ಹೊತ್ತು ಶಾಕ್ ಕೊಡುವ ಕೆಲಸ ನಿಂತುಬಿಡಬಹುದು. ಈಗಿನ ಕೆಲವು ಫೋನ್‌ಗಳಲ್ಲಿ, ಅವುಗಳ ಕವರ್‌ಗಳಲ್ಲಿ ಅಯಸ್ಕಾಂತ ಇರುತ್ತದೆ. 2021ರಲ್ಲಿ ಎಫ್‌ಡಿಎ ಇದಕ್ಕೇ 15 ಸೆಂಟಿಮೀಟರ್ ದೂರ ಇಡಿ ಅಂತ ಹೇಳಿತು. ಅಪ್ಪನ ಫೋನ್ ಅಂಗಿಯ ಜೇಬಿನಲ್ಲಿ ಬೇಡವೇ ಬೇಡ.

ಮುಂದಿನ ಚೆಕಪ್‌ಗೆ ಹೋದಾಗ ಮೂರು ಮಾತು ಕೇಳಿಕೊಂಡು ಬನ್ನಿ: ಮಾನಿಟರ್ ನಿಜವಾಗಿ ಕನೆಕ್ಟ್ ಆಗಿದೆಯಾ, ಕಳಿಸಿದ್ದನ್ನು ಯಾರು ಯಾವಾಗ ನೋಡುತ್ತಾರೆ, ಏನಾದರೂ ಆದರೆ ಯಾವ ನಂಬರ್‌ಗೆ ಫೋನ್ ಮಾಡಬೇಕು. ಅಪ್ಪ ಕೆಲವು ವಾರ ಬೇರೆ ಊರಿಗೆ ಹೊರಟರೆ ಮಾನಿಟರ್ ಜೊತೆಗೆ ಒಯ್ಯಲಿ, ವಿದೇಶಕ್ಕಾದರೆ ಅಲ್ಲಿ ಕೆಲಸ ಮಾಡುತ್ತದಾ ಅಂತ ಮೊದಲೇ ವಿಚಾರಿಸಿ. ಯಾರೋ ಬಳಸಿದ ಮಾನಿಟರ್ ಕಡಿಮೆ ಬೆಲೆಗೆ ಸಿಗುತ್ತೆ ಅಂತ ತರಬೇಡಿ. ಆಸ್ಪತ್ರೆ ಅಥವಾ ಕಂಪನಿ ಕೊಟ್ಟದ್ದೇ ಆಗಬೇಕು. ಮುಂದೆ ಐಸಿಡಿ ಬದಲಾಯಿಸಿ ಹೊಸ ಮಾನಿಟರ್ ಬಂದಾಗ ಹಳೆಯದನ್ನು ಗುಜರಿಗೆ ಹಾಕದೆ ಆಸ್ಪತ್ರೆಗೇ ಹಿಂದಿರುಗಿಸಿ.